ಮಲೆನಾಡಿನ ತೇವದಲ್ಲಿ ಹೊಲಿಗೆ ದಾರದ ಜೋಪಾನ: ಒಂದು ಅಧ್ಯಯನ ಟಿಪ್ಪಣಿ

ಹೊಲಿಗೆ ಅಥವಾ ಕಸೂತಿ ಕಲಿಯಲು ತೊಡಗಿದವರು ದಾರಗಳನ್ನು ಬಣ್ಣದ ಪ್ರಕಾರ ಜೋಡಿಸುವುದು ಸಾಮಾನ್ಯ. ಕಣ್ಣಿಗೆ ಅದು ಚೆಂದ, ಬಟ್ಟೆಗೆ ಹೊಂದುವ ಬಣ್ಣ ಬೇಗ ಸಿಗುತ್ತದೆ ಎಂಬುದೂ ನಿಜ. ಆದರೆ ಆಗುಂಬೆ, ತೀರ್ಥಹಳ್ಳಿ, ಹೊಸನಗರದಂತಹ ಕಡೆಗಳಲ್ಲಿ ಈ ಕ್ರಮ ಸಾಲದು. ಇಲ್ಲಿ ಮೊದಲ ವಿಂಗಡಣೆ ನಾರಿನ ಪ್ರಕಾರ, ಎರಡನೆಯದು ದಪ್ಪದ ಪ್ರಕಾರ, ಬಣ್ಣ ಮೂರನೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಕಾರಣವನ್ನು ಸಹಕಲಿಯುವವರಿಗಾಗಿ ಇಲ್ಲಿ ವಿವರಿಸುತ್ತೇನೆ.

ನಾರು ಮತ್ತು ನೀರು

ಪ್ರತಿಯೊಂದು ನಾರೂ ಗಾಳಿಯಿಂದ ತನ್ನದೇ ಪ್ರಮಾಣದಲ್ಲಿ ತೇವವನ್ನು ಎಳೆದುಕೊಳ್ಳುತ್ತದೆ. ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ಗರಿಷ್ಠ ತೇವದಲ್ಲಿ ಈಗಿರುವ ಪಾಲು) ಶೇ. 65 ಇರುವ ಗಾಳಿಯಲ್ಲಿ 100 ಗ್ರಾಂ ಒಣ ಹತ್ತಿಯು ಸುಮಾರು 8.5 ಗ್ರಾಂ, ರೇಷ್ಮೆಯು 11 ಗ್ರಾಂ, ವಿಸ್ಕೋಸ್ ರೇಯಾನ್ (ಮರದ ತಿರುಳಿನಿಂದ ತಯಾರಿಸುವ ನಾರು) 11ರಿಂದ 13 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ; ಪಾಲಿಯೆಸ್ಟರ್ ಹಿಡಿಯುವುದು 0.4 ಗ್ರಾಂ ಮಾತ್ರ. ಇದು ಪ್ರಯೋಗಾಲಯದ ಪ್ರಮಾಣಿತ ಸ್ಥಿತಿಯ ಲೆಕ್ಕ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ, ಪುನರ್ವಸು–ಪುಷ್ಯ ಮಳೆಯ ದಿನಗಳಲ್ಲಿ, ಮನೆಯೊಳಗಿನ ಗಾಳಿಯೂ ಈ ಸ್ಥಿತಿಗಿಂತ ಬಹಳ ತೇವವಾಗಿರುವುದರಿಂದ ಹತ್ತಿ, ರೇಷ್ಮೆ, ರೇಯಾನ್‌ಗಳು ಇನ್ನೂ ಹೆಚ್ಚು ನೀರು ಕುಡಿಯುತ್ತವೆ. ಶಿವಮೊಗ್ಗ ನಗರದಲ್ಲಿ ಅದರ ಕಾಲುಭಾಗದಷ್ಟು ಮಳೆಯೂ ಬೀಳದ ಕಾರಣ ಅಲ್ಲಿನವರಿಗೆ ಸ್ವಲ್ಪ ಸಡಿಲಿಕೆಯಿದೆ.

ಹತ್ತಿ ದಾರ ಒದ್ದೆಯಾದಾಗ ದುರ್ಬಲವಾಗುವುದಿಲ್ಲ, ಅದರ ಬಲ ಹೆಚ್ಚುತ್ತದೆ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಹಾಗಾದರೆ ಕೆಡಿಸುವುದು ಯಾವುದು? ತೇವದ ಬೆನ್ನಿಗೇ ಬರುವ ಬೂಷ್ಟು. ಶಿಲೀಂಧ್ರಕ್ಕೆ ಹತ್ತಿಯ ಸೆಲ್ಯುಲೋಸ್ ಆಹಾರ. ನುಣುಪಿಗಾಗಿ ಗಂಜಿ ಹಾಕಿದ ಕೈಹೊಲಿಗೆಯ ದಾರವಂತೂ ಅದಕ್ಕೆ ಇನ್ನೂ ಸುಲಭದ ಊಟ. ಶಿಲೀಂಧ್ರ ಸ್ರವಿಸುವ ಕಿಣ್ವಗಳು ನಾರನ್ನು ಕತ್ತರಿಸುತ್ತ ಹೋಗುವುದರಿಂದ, ಮೇಲಿನ ಕಲೆಯನ್ನು ಒರೆಸಿ ತೆಗೆದರೂ ಕಳೆದುಹೋದ ಬಲ ಮರಳುವುದಿಲ್ಲ. ಪಾಲಿಯೆಸ್ಟರ್ ತಾನೇ ಆಹಾರವಾಗುವುದಿಲ್ಲವಾದರೂ ಅದರ ಮೇಲಿನ ಎಣ್ಣೆ, ಧೂಳು, ಕೈಬೆವರುಗಳ ಮೇಲೆ ಬೂಷ್ಟು ಕೂರಬಹುದು.

ಸೀರೆಗೆ ಕುಚ್ಚು ಕಟ್ಟುವವರು ವಿಸ್ಕೋಸ್ ರೇಯಾನ್ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಅಂಗಡಿಯಲ್ಲಿ ರೇಷ್ಮೆ ದಾರವೆಂದು ಮಾರುವ, ಹೊಳಪಿನ, ಅಗ್ಗದ ದಾರಗಳಲ್ಲಿ ಹಲವು ನಿಜವಾಗಿ ರೇಯಾನ್. ಇದು ಹತ್ತಿಗೆ ವಿರುದ್ಧ ಸ್ವಭಾವದ್ದು: ಒದ್ದೆಯಾದಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳಬಲ್ಲದು. ಆಷಾಢದಲ್ಲಿ ಕುಚ್ಚಿನ ಎಳೆ ಬಿಗಿಯುವಾಗ ಮತ್ತೆ ಮತ್ತೆ ಹರಿಯುತ್ತಿದ್ದರೆ ಕೈಯ ಒರಟುತನವನ್ನೇ ದೂರಬೇಕಾಗಿಲ್ಲ, ದಾರವನ್ನು ಒಣಗಿಸಿ ನೋಡಬೇಕು. ನಾರು ಯಾವುದೆಂದು ತಿಳಿಯಲು ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಡಬಹುದು. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುವ ಕರಿ ಬಿಡುತ್ತದೆ, ಹತ್ತಿ ಮತ್ತು ರೇಯಾನ್ ಕಾಗದದಂತೆ ಉರಿದು ಬೂದಿಯಾಗುತ್ತವೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಡಬ್ಬಿ ಮುಚ್ಚುವ ಕಾಲ

ಗಾಳಿಯಾಡದ ಡಬ್ಬಿ ಒಳ್ಳೆಯದು ಎಂಬ ಮಾತು ಅರ್ಧ ಮಾತ್ರ ಸರಿ. ಬಿಗಿಯಾದ ಮುಚ್ಚಳವು ಹೊರಗಿನ ತೇವವನ್ನು ತಡೆಯುವಂತೆಯೇ ದಾರದೊಳಗಿನ ತೇವವನ್ನೂ ಹೊರಬಿಡದೆ ಕಾಯುತ್ತದೆ. ಆದ್ದರಿಂದ ಜುಲೈ ತಿಂಗಳ ಜಡಿಮಳೆಯಲ್ಲಿ ತೇವ ಕುಡಿದ ದಾರವನ್ನು ತುಂಬಿ ಮುಚ್ಚಿದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತಾಗುತ್ತದೆ. ಮೇ ತಿಂಗಳ ಕೊನೆಯಲ್ಲಿ, ಮೃಗಶಿರಾ ಮಳೆ ಹಿಡಿಯುವ ಮೊದಲು, ಬಿಸಿಲೇರಿದ ಒಣ ಮಧ್ಯಾಹ್ನ ದಾರಗಳನ್ನು ನೆರಳಿನ ಗಾಳಿಯಲ್ಲಿ ಹರಡಿ, ಅಂದೇ ಸಂಜೆಯ ತಂಪು ಇಳಿಯುವ ಮುನ್ನ ಮುಚ್ಚಿಡುವುದು ಸರಿಯಾದ ಕ್ರಮ. ನೇರ ಬಿಸಿಲು ಬೇಡ: ಸೂರ್ಯನ ನೇರಳಾತೀತ ಕಿರಣಗಳು ಬಣ್ಣವನ್ನು ಮಂಕಾಗಿಸುವುದಲ್ಲದೆ ರೇಷ್ಮೆ ಮತ್ತು ನೈಲಾನ್ ನಾರುಗಳನ್ನು ಪೆಡಸಾಗಿಸುತ್ತವೆ. ಕಿಟಕಿಯ ಎದುರು ಗೋಡೆಗೆ ಮೊಳೆ ಹೊಡೆದು ರೀಲುಗಳನ್ನು ಸಾಲಾಗಿ ಸಿಕ್ಕಿಸುವ ಅಲಂಕಾರವೂ ಇದೇ ಕಾರಣಕ್ಕೆ ನನಗೆ ಒಪ್ಪಿಗೆಯಿಲ್ಲ.

ಡಬ್ಬಿಯನ್ನು ಎಲ್ಲಿಡುತ್ತೇವೆ ಎಂಬುದೂ ಮುಖ್ಯ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ಶೇ. 60 ಆರ್ದ್ರತೆಯ ಗಾಳಿ 22 ಡಿಗ್ರಿಯ ತಣ್ಣನೆಯ ಗೋಡೆಗೆ ತಾಗಿ ಅಷ್ಟೇ ತಣ್ಣಗಾದರೆ ಅದರ ಆರ್ದ್ರತೆ ಸುಮಾರು ಶೇ. 96ಕ್ಕೆ ಏರುತ್ತದೆ, ನೀರಿನ ಹನಿಯೊಂದೂ ಸೇರದೆ, ಬರೀ ತಂಪಿನಿಂದಲೇ ಹೀಗಾಗುತ್ತದೆ. ಮಳೆಯ ಇರಚಲು ಹೊಡೆಯುವ ಜಂಬಿಟ್ಟಿಗೆ ಗೋಡೆಗೆ ಆನಿಸಿಟ್ಟ ಕಪಾಟಿನ ಹಿಂಭಾಗವೇ ಮೊದಲು ಬೂಷ್ಟು ಹಿಡಿಯುವುದು ಈ ಕಾರಣದಿಂದ. ಒಳಗೋಡೆಯ ಪಕ್ಕದ, ನೆಲದಿಂದ ಎತ್ತರದ ಜಾಗ ಲೇಸು. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಬಿಳಿ ದಾರವನ್ನು ಹಳದಿಯಾಗಿಸುತ್ತದೆ.

ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಬಹುದು. ಅದು ತೇವ ತುಂಬಿಕೊಂಡ ಮೇಲೆ ನಿರುಪಯುಕ್ತ. ಸುಮಾರು 120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಬಗೆಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಮಕ್ಕಳ ಕೈಗೆ ಸಿಗಬಾರದು. ಅಕ್ಕಿಯ ಗಂಟು ಬದಲಿಯಲ್ಲ, ಅದು ಹುಳುಗಳನ್ನು ಕರೆಯುತ್ತದೆ. ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ, ಕೆಲವು ಬಗೆಯ ಪ್ಲಾಸ್ಟಿಕ್ ರೀಲುಗಳನ್ನು ಮೆತ್ತಗಾಗಿಸಿಬಿಡುತ್ತದೆ. ಸೂಜಿ, ಗುಂಡುಪಿನ್ನುಗಳನ್ನು ದಾರದ ಜೊತೆ ಇಡಲೇಬಾರದು, ಏಕೆಂದರೆ ತುಕ್ಕಿನ ಕಲೆ ತೊಳೆದರೆ ಹೋಗುವುದಿಲ್ಲ. ರಬ್ಬರ್ ಬ್ಯಾಂಡೂ ಬೇಡ. ಅದು ಹಳೆಯದಾದಂತೆ ಅಂಟಾಗಿ ಲಡಿಗೆ ಮೆತ್ತಿಕೊಳ್ಳುತ್ತದೆ.

ಸಂಖ್ಯೆಯನ್ನು ಓದುವುದು

ರೀಲಿನ ತಳದ ಚೀಟಿಯನ್ನು ಕಿತ್ತೆಸೆಯುವ ಅಭ್ಯಾಸ ಬಿಡಬೇಕು. 40/2 ಎಂದಿದ್ದರೆ 40ನೇ ನಂಬರಿನ ಎರಡು ಎಳೆಗಳನ್ನು ಸೇರಿಸಿ ಹುರಿ ಮಾಡಿದ ದಾರವೆಂದರ್ಥ. ಈ ಪದ್ಧತಿಯಲ್ಲಿ ಸಂಖ್ಯೆ ಏರಿದಂತೆ ಎಳೆ ತೆಳುವಾಗುತ್ತದೆ. ಟೆಕ್ಸ್ ಪದ್ಧತಿ ಇದಕ್ಕೆ ತಿರುಗುಮುರುಗು, 1000 ಮೀಟರ್ ದಾರದ ಗ್ರಾಂ ತೂಕವೇ ಅದರ ಸಂಖ್ಯೆ. 40/2 ದಾರ ಸುಮಾರು 29.5 ಟೆಕ್ಸ್ ಆಗುವುದರಿಂದ, ಬರಿದಾದ ರೀಲಿನ ತೂಕವನ್ನು ಕಳೆದು ನೋಡಿದಾಗ 3 ಗ್ರಾಂ ಉಳಿದಿದ್ದರೆ ಇನ್ನೂ ಸುಮಾರು 100 ಮೀಟರ್ ಇದೆ ಎಂದು ತಿಳಿಯಬಹುದು. ಸೀರೆಗೆ ಫಾಲ್ ಹಚ್ಚುವ ಮೊದಲು ಈ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ.

ಕಸೂತಿಯ ಆ್ಯಂಕರ್ ಬ್ರಾಂಡಿನ ಲಡಿಯಲ್ಲಿ ಆರು ಎಳೆಗಳ 8 ಮೀಟರ್ ದಾರವಿರುತ್ತದೆ. ಅದರ ಹೊಳಪಿಗೆ ಕಾರಣ, ಜಾನ್ ಮರ್ಸರ್ 1844ರಲ್ಲಿ ಕಂಡುಕೊಂಡ ಕಾಸ್ಟಿಕ್ ಸೋಡಾ ಸಂಸ್ಕಾರದ ಸುಧಾರಿತ ರೂಪ. ಹೀಗೆ ಸಂಸ್ಕರಿಸಿದ ಹತ್ತಿ ಸಾದಾ ಹತ್ತಿಗಿಂತ ಹೆಚ್ಚು ತೇವ ಹೀರುವುದರಿಂದ ಈ ಲಡಿಗಳು ಒಣ ಡಬ್ಬಿಗೇ ಸೇರಬೇಕು. ಲಡಿ ಬಿಚ್ಚಿ ಕಾರ್ಡಿಗೆ ಸುತ್ತಿದರೆ ಬಣ್ಣದ ಸಂಖ್ಯೆಯನ್ನು ಅದರ ಮೇಲೆಯೇ ಬರೆಯಬೇಕು. ಕಪ್ಪಿಗೆ 403 ಎಂದು ನೆನಪಿದ್ದರೂ, ಹತ್ತಿರ ಹತ್ತಿರದ ಹಸಿರುಗಳನ್ನು ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯ ದೀಪದ ಬೆಳಕಿನಲ್ಲಿ ಕಣ್ಣಂದಾಜಿನಿಂದ ಹೊಂದಿಸುವುದು ಕಷ್ಟ.

ಬಾಬಿನ್ನುಗಳನ್ನು (ಯಂತ್ರದ ಕೆಳದಾರ ಸುತ್ತುವ ಪುಟ್ಟ ಉರುಳೆಗಳನ್ನು) ಅವುಗಳ ರೀಲಿನ ಜೊತೆಗೇ ಇಡುವುದು ಸಾಕು. ಪಾಲಿಯೆಸ್ಟರ್ ದಾರವನ್ನು ಮಾತ್ರ ಬಾಬಿನ್ನಿಗೆ ಬಿಗಿಯಾಗಿ ಸುತ್ತಿ ಇಡಬಾರದು: ಎಳೆತಕ್ಕೆ ಹಿಗ್ಗಿದ ದಾರ ಹೊಲಿದ ಮೇಲೆ ಕುಗ್ಗಿ ಬಟ್ಟೆಯನ್ನು ಸುಕ್ಕುಗಟ್ಟಿಸುತ್ತದೆ.

ಮಳೆಗಾಲ ಕಳೆದು ನವರಾತ್ರಿಯ ಹೊತ್ತಿಗೆ ಡಬ್ಬಿ ತೆರೆದಾಗ ಪ್ರತಿ ಹತ್ತಿ ರೀಲಿನಿಂದ ಒಂದು ಮೊಳ ದಾರ ತೆಗೆದು ಎರಡೂ ಕೈಗಳಿಂದ ಜಗ್ಗಿ, ಹೊಸ ದಾರದ ಜೊತೆ ಹೋಲಿಸಬೇಕು. ಮೇಲಿನ ಸುತ್ತು ಮಾತ್ರ ಸವೆದಿರುವುದುಂಟು, ಹಾಗಾಗಿ ಕೆಲವು ಸುತ್ತು ಬಿಚ್ಚಿ ಎರಡನೆಯ ಸಲ ಪರೀಕ್ಷಿಸುವುದು ಒಳ್ಳೆಯದು. ಆಗಲೂ ಸಲೀಸಾಗಿ ಹರಿದರೆ ಅದನ್ನು ಯಂತ್ರಕ್ಕೆ ಹಾಕದೆ, ಆಮೇಲೆ ಬಿಚ್ಚಿ ತೆಗೆಯುವ ಕಚ್ಚಾ ಹೊಲಿಗೆಗೆ ಎತ್ತಿಡಬಹುದು. ಬೂಷ್ಟಿನ ವಾಸನೆ ಉಳಿದಿರುವ ರೀಲನ್ನು ಮಾತ್ರ ಅದಕ್ಕೂ ಇಟ್ಟುಕೊಳ್ಳಬಾರದು, ಉಳಿದ ದಾರಗಳ ಡಬ್ಬಿಗೂ ಮರಳಿ ಸೇರಿಸಬಾರದು.