ಗ್ರುನ್‌ಫೆಲ್ಡ್‌ಗೂ ಮೊದಲು ಮಹೇಶಚಂದ್ರ

ಕಲಬುರಗಿಯ ಬೇಸಿಗೆ ಚೆಸ್ ಟೂರ್ನಿಗಳಲ್ಲಿ ಕಪ್ಪು ಕಾಯಿ ಹಿಡಿದು ಗ್ರುನ್‌ಫೆಲ್ಡ್ ಎಂಬ ಓಪನಿಂಗ್ (ಆಟ ಶುರು ಮಾಡುವ ನಡೆಗಳ ಕ್ರಮ) ಆಡುವ ಮಕ್ಕಳು ಈಗ ಕಾಣಸಿಗುತ್ತಾರೆ. ಬೋರ್ಡಿನ ಉದ್ದ ಸಾಲುಗಳಿಗೆ ಎಯಿಂದ ಎಚ್, ಅಡ್ಡ ಸಾಲುಗಳಿಗೆ 1ರಿಂದ 8 ಎಂಬ ಗುರುತು. ಬಿಳಿ ಪ್ಯಾದೆಯನ್ನು ಡಿ4ಕ್ಕೆ ಆಡಿದರೆ ಕಪ್ಪು ಕುದುರೆ ಎಫ್6ಕ್ಕೆ. ಸಿ4ಕ್ಕೆ ಜಿ6. ಬಿಳಿಯ ಕುದುರೆ ಸಿ3ಕ್ಕೆ ಬಂದರೆ ಡಿ5. ನಡುವಿನ ಮನೆಗಳನ್ನು ಬಿಳಿಗೆ ಬಿಟ್ಟು, ಆಮೇಲೆ ಜಿ7ರ ಒಂಟೆಯಿಂದ ಅಲ್ಲಿಗೇ ಏಟು ಕೊಡುವುದು ಇದರ ಉಪಾಯ.

ಆಸ್ಟ್ರಿಯಾದ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ 1922ರಲ್ಲಿ ಇದನ್ನು ದೊಡ್ಡ ಟೂರ್ನಿಗಳಿಗೆ ತಂದರು. ಅದೇ ವರ್ಷ ವಿಯೆನ್ನಾದಲ್ಲಿ ಮುಂದೆ ವಿಶ್ವ ಚಾಂಪಿಯನ್ ಆದ ಅಲೆಖಿನ್‌ರನ್ನೂ ಇದೇ ಓಪನಿಂಗ್‌ನಲ್ಲಿ ಸೋಲಿಸಿದರು. ಹೆಸರು ಅವರದಾಗಿದ್ದು ನ್ಯಾಯವೇ. ಆದರೆ ಕಥೆ ಅಲ್ಲಿಂದ ಶುರುವಾಗುವುದಿಲ್ಲ.

67 ವರ್ಷ ಮೊದಲು, 1855ರಲ್ಲಿ, ಕಲ್ಕತ್ತಾದಲ್ಲಿ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ ಇವೇ ನಡೆಗಳನ್ನು ಆಡಿದ್ದರು. ಎದುರಿಗಿದ್ದವರು ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರೇನ್. ಇಬ್ಬರೂ ನೂರಾರು ಆಟ ಆಡಿದವರು. ಮಹೇಶಚಂದ್ರ ಬೆಳೆದದ್ದು ನಮ್ಮ ಹಳೆಯ ದೇಶಿ ಆಟದಲ್ಲಿ. ಅದರಲ್ಲಿ ಸಾಮಾನ್ಯವಾಗಿ ಪ್ಯಾದೆ ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಕ್ಯಾಸಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಇರಲಿಲ್ಲ, ಬದಲಿಗೆ ರಾಜ ಒಂದು ಸಲ ಕುದುರೆಯಂತೆ ಹಾರಬಹುದಿತ್ತು. ಇಂಥ ನಿಧಾನದ ಆಟದಲ್ಲಿ ಜಿ ಪ್ಯಾದೆಯನ್ನು ಒಂದು ಮನೆ ಸರಿಸಿ ಹಿಂದೆ ಒಂಟೆಯನ್ನು ಕೂರಿಸುವುದು ತಾನಾಗಿ ಬರುತ್ತದೆ, ಅಲ್ವಾ? ಯುರೋಪಿನ ನಿಯಮ ಕಲಿತ ಮೇಲೂ ಅವರ ಕೈಗೆ ಆ ರೂಢಿ ಉಳಿಯಿತು ಅಂತಲೇ ನನಗನಿಸುತ್ತದೆ. ಕುದುರೆ ಎಫ್6ರಿಂದ ಶುರುವಾಗುವ ಇಂತಹ ಓಪನಿಂಗ್‌ಗಳಿಗೆ ‘ಇಂಡಿಯನ್’ ಅಂತ ಹೆಸರು ಬಂದದ್ದರ ಹಿಂದೆ ಅವರ ಆಟಗಳಿವೆ.

ಆ ಆಟ ಮಹೇಶಚಂದ್ರ ಸೋತರು. 18ನೇ ನಡೆಯಲ್ಲಿ ಕಾಕ್ರೇನ್‌ರ ಕುದುರೆ ಎಫ್7ರ ಪ್ಯಾದೆಯನ್ನು ಹೊಡೆಯಿತು. ಮಹೇಶಚಂದ್ರ ತಮ್ಮ ಕುದುರೆಯನ್ನು ಎ5ಕ್ಕೆ ಕಳಿಸಿ ವಜೀರನ ಮೇಲೆ ಹೋದರು. ಅಷ್ಟು ಸಾಕಾಯಿತು. ಕಾಕ್ರೇನ್‌ರ ಕುದುರೆ ಎಚ್6ಕ್ಕೆ ಹಾರಿ ಜೋಡಿ ಚೆಕ್ (ಕುದುರೆ, ವಜೀರ ಎರಡರಿಂದಲೂ ಒಮ್ಮೆಗೇ), ರಾಜ ಮೂಲೆಗೆ. ಜಿ8ರಲ್ಲಿ ವಜೀರನ ಬಲಿ, ಅದನ್ನು ಆನೆ ಹೊಡೆಯಲೇಬೇಕು. ತನ್ನವರ ನಡುವೆಯೇ ಸಿಕ್ಕಿಬಿದ್ದ ರಾಜನಿಗೆ ಎಫ್7ರಿಂದ ಕುದುರೆ ಮೇಟ್ ಕೊಟ್ಟಿತು.

ಸೋಲಿಗೆ ಕಾರಣ ಓಪನಿಂಗ್ ಅಲ್ಲ. 1956ರಲ್ಲಿ 13 ವರ್ಷದ ಬಾಬಿ ಫಿಶರ್ (ಮುಂದೆ ವಿಶ್ವ ಚಾಂಪಿಯನ್ ಆದವರು) ನ್ಯೂಯಾರ್ಕಿನಲ್ಲಿ ಕಪ್ಪು ಕಾಯಿ ಹಿಡಿದು ಡೊನಾಲ್ಡ್ ಬರ್ನ್ ವಿರುದ್ಧ ಗೆದ್ದದ್ದೂ ಗ್ರುನ್‌ಫೆಲ್ಡ್‌ನಲ್ಲೇ. ಮಕ್ಕಳಿಗೆ ಆ ಆಟ ತೋರಿಸುವ ನಮ್ಮೂರಿನ ತರಬೇತುದಾರರು, ಅದಕ್ಕೂ ಮೊದಲು ಕಲ್ಕತ್ತಾದ ಆಟವನ್ನು ಬೋರ್ಡಿನ ಮೇಲಿಡಬೇಕು. ಇರುವುದು ಬರೀ 21 ನಡೆ.