ಮೂವತ್ತು ಮೂವತ್ತು ಪೇಷಂಟ್ ಮತ್ತು ಬಾರದ ಪಿ ವ್ಯಾಲ್ಯೂ

ಥೀಸಿಸ್ ಸಲ್ಲಿಸುವ ದಿನ ಹತ್ತಿರ ಬಂತು ಅಂದರೆ ನನ್ನ ಕೋಣೆಗೆ ಪೆನ್‌ಡ್ರೈವ್‌ಗಳ ಮೆರವಣಿಗೆ. ಬೆಳಗಾವಿಯಲ್ಲಿ ಎಂಡಿ, ಎಂಎಸ್ ಓದುವ ಹುಡುಗ ಹುಡುಗಿಯರ ಸಂಶೋಧನೆಗೆ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ, ಸಂಖ್ಯಾಶಾಸ್ತ್ರದವನು. ಆದರೂ ಒಳಗೆ ಬರುವವರ ಮುಖ ಐಸಿಯು ಹೊರಗೆ ಕೂತ ಸಂಬಂಧಿಕರ ಮುಖದ ಹಾಗೇ ಇರುತ್ತದೆ. "ಪಿ ವ್ಯಾಲ್ಯೂ ಬಂದಿಲ್ರಿ ಸರ್, ಏನರ ಮಾಡ್ರಿ."

ಬಂದಿಲ್ಲ ಅಂದರೆ? ಬಂದಿರುತ್ತದೆ. 0.08 ಅಂತಲೋ 0.3 ಅಂತಲೋ. 0.05ಕ್ಕಿಂತ ಕೆಳಗೆ ಇಳಿದಿಲ್ಲ, ಅಷ್ಟೇ. ಚಿಕಿತ್ಸೆಗಳಲ್ಲಿ ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಇಂಥ ಅಂತರ ಸುಮ್ನೆ ಎಷ್ಟು ಸಲ ಕಾಣಿಸೀತು ಅನ್ನುವ ಅಂಕಿ ಈ ಪಿ. ಅದು 0.05ಕ್ಕಿಂತ ಕಡಿಮೆ ಇದ್ದರೆ ಮಾತ್ರ ಅಂತರವನ್ನು ಲೆಕ್ಕಕ್ಕೆ ಹಿಡಿಯುವುದು ರೂಢಿ. ಕೆಲವರು ಅದನ್ನು ಇಳಿಸಿಕೊಡಿ ಅಂತ ಬರುತ್ತಾರೆ. ಇನ್ನು ಕೆಲವರು 'ಎರಡು ಚಿಕಿತ್ಸೆಗಳಲ್ಲಿ ವ್ಯತ್ಯಾಸವಿಲ್ಲ' ಎಂದು ಬರೆದುಕೊಂಡೇ ಬಂದಿರುತ್ತಾರೆ. ನನಗೆ ಜಾಸ್ತಿ ತಲೆನೋವು ಈ ಎರಡನೆಯವರದ್ದು. ಪಾಪ, ಅವರು ಪ್ರಾಮಾಣಿಕರು.

ಕರೆಂಟ್ ಹೋದಾಗ ಬೆಂಕಿಕಡ್ಡಿ ಗೀರಿ ಮೂಗುತಿ ಹುಡುಕುತ್ತೀರಿ. ಸಿಗುವುದಿಲ್ಲ. ಮೂಗುತಿ ಮನೆಯಲ್ಲೇ ಇಲ್ಲ ಅನ್ನುತ್ತೀರಾ? ಆ ಬೆಳಕಿಗೆ ಕಾಣಲಿಲ್ಲ ಅನ್ನುತ್ತೀರಿ. ಒಂದೊಂದು ಗುಂಪಿಗೆ ಮೂವತ್ತು ಮೂವತ್ತು ಪೇಷಂಟ್‌ಗಳ ಅಧ್ಯಯನ ಬಹಳ ಸಲ ಆ ಬೆಂಕಿಕಡ್ಡಿಯೇ.

ದೂರದ ಉದಾಹರಣೆ ಬೇಡ. ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆದಿತ್ತು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹೆರಿಗೆಯಾದ ಕೂಡಲೇ ಎಎನ್ಎಂ ಸಿಸ್ಟರ್‌ಗಳು ಒಂದು ಗುಂಪಿಗೆ ರಕ್ತಸ್ರಾವ ತಡೆಯಲೆಂದು ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು, ಇನ್ನೊಂದಕ್ಕೆ ಔಷಧವಿಲ್ಲದ ಬರೀ ಮಾತ್ರೆ. ಒಟ್ಟು 1620 ತಾಯಂದಿರು. ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಹತ್ತಿರ ಹತ್ತಿರ ಅರ್ಧ. ಅದು ಆಕಸ್ಮಿಕ ಅನ್ನಲು ಯಾರಿಗೂ ಬಾಯಿ ಬರುವ ಹಾಗಿರಲಿಲ್ಲ.

ಈಗ ಅದೇ ಮಾತ್ರೆ, ಅದೇ ಹಳ್ಳಿ. ನಮ್ಮ ಪಿಜಿ ಹುಡುಗಿ ಮೂವತ್ತು ಮೂವತ್ತು ತಾಯಂದಿರನ್ನು ತೆಗೆದುಕೊಂಡಳು ಅಂದುಕೊಳ್ಳಿ. ಒಂದು ಕಡೆ ನಾಲ್ವರಿಗೆ ರಕ್ತಸ್ರಾವ, ಇನ್ನೊಂದು ಕಡೆ ಇಬ್ಬರಿಗೆ. ಇಲ್ಲೂ ಅರ್ಧಕ್ಕೆ ಇಳಿದಿದೆ, ಅಲ್ವಾ? ಲೆಕ್ಕ ಹಾಕಿದರೆ ಪಿ 0.67. ಅಂದರೆ ಮಾತ್ರೆಯಿಂದ ಏನೂ ಉಪಯೋಗವಿಲ್ಲ ಅಂತ ಇಟ್ಟುಕೊಂಡರೂ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರರಲ್ಲಿ 67 ಸಲ ಸುಮ್ನೆ ಕಾಣಿಸಿಕೊಳ್ಳಬಹುದು. ಅವಳು 'ವ್ಯತ್ಯಾಸವಿಲ್ಲ' ಎಂದು ಬರೆಯುತ್ತಾಳೆ. ಕೆಲಸ ಮಾಡುವ ಮಾತ್ರೆ ಥೀಸಿಸ್‌ನಲ್ಲಿ ಕೆಲಸಕ್ಕೆ ಬಾರದ್ದಾಗುತ್ತದೆ. ಹನ್ನೆರಡು ಆರಕ್ಕೆ ಇಳಿಯುವುದನ್ನು ನೂರಕ್ಕೆ 80ರಷ್ಟು ಭರವಸೆಯಿಂದ ಹಿಡಿಯಬೇಕಾದರೆ ಒಂದೊಂದು ಗುಂಪಿನಲ್ಲೂ ಸುಮಾರು 350 ಜನ ಬೇಕು. ಅಂತರ ಇನ್ನೂ ಸಣ್ಣದಾದರೆ ಕೇಳಲೇಬೇಡಿ. ಚೊಚ್ಚಲ ಬಸುರಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟ ಅಧ್ಯಯನದಲ್ಲೂ ಬೆಳಗಾವಿ ಇತ್ತು, ಫಲಿತಾಂಶ ಬಂದಿದ್ದು 2020ರಲ್ಲಿ. ಅವಧಿಗೆ ಮುಂಚಿನ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿದದ್ದನ್ನು ತೋರಿಸಲು ಆರು ದೇಶ, ಸುಮಾರು 12 ಸಾವಿರ ತಾಯಂದಿರು ಬೇಕಾದರು.

ಇದನ್ನು ಹೇಳಿದರೆ ಹಿರಿಯ ಗೈಡ್ ಒಬ್ಬರು ನಗುತ್ತಾ, "ಅನ್ನ ಬೆಂದದ ಇಲ್ಲ ನೋಡ್ಲಿಕ್ಕೆ ಒಂದು ಅಗುಳು ಸಾಕಲ್ರೀ?" ಅಂದರು. ಸಾಕು ಸರ್, ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದಿದ್ದರೆ. ಖಾನಾಪುರದ ಅಜ್ಜನೂ ಗೋಕಾಕದ ಗಿರಣಿ ಕೆಲಸಗಾರನೂ ಒಂದೇ ಪಾತ್ರೆಯ ಅಗುಳುಗಳೇ?

ಹಾಗಂತ ಸಣ್ಣ ಅಧ್ಯಯನವೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಪರಿಣಾಮ ದೊಡ್ಡದಿದ್ದರೆ ಮೂವತ್ತೇ ಸಾಕಾಗಬಹುದು. ಅಪರೂಪದ ಕಾಯಿಲೆಗೆ ಸಿಕ್ಕಷ್ಟೇ ಜನ. ಕೋರ್ಸ್ ಇರುವುದೂ ಮೂರೇ ವರ್ಷ. ಆದರೆ ಎಷ್ಟು ಜನ ಬೇಕು ಅನ್ನುವುದನ್ನು ಸಿನಾಪ್ಸಿಸ್, ಅಂದರೆ ಸಂಶೋಧನೆಯ ಯೋಜನೆ, ಬರೆಯುವ ಮೊದಲು ಕೇಳಬೇಕು. 'ಹೋದ ವರ್ಷದ ಸೀನಿಯರ್ ಮೂವತ್ತು ಮಾಡಿದ್ರು' ಅನ್ನುವುದು ಲೆಕ್ಕ ಅಲ್ಲ.

ಅಥಣಿ ಕಡೆಯ ಹುಡುಗ ಒಬ್ಬ ಬಂದಿದ್ದ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಎರಡು ಬಗೆಯ ಡ್ರೆಸ್ಸಿಂಗ್, ಮಾಯಲು ಎಷ್ಟು ದಿನ ಹಿಡಿಯಿತು ಅನ್ನುವ ಲೆಕ್ಕ. ಪಿ 0.08. "ನಲವತ್ತೊಂದನೇ ಸಾಲು ತೆಗದ್ರ 0.04 ಆಗ್ತದ್ರಿ ಸರ್," ಅಂದ. ರಾತ್ರಿಯೆಲ್ಲ ಕೂತು ಒಂದೊಂದೇ ಸಾಲು ತೆಗೆದು ನೋಡಿದ್ದನಂತೆ. ಆ ಸಾಲು ಯಾರದು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ರಾಯಬಾಗದ ಆಯಿ ಒಬ್ಬಳಂತೆ. ಬೇಡ ಅಂದರೂ ಕಬ್ಬಿನ ಹೊಲಕ್ಕೆ ಹೋಗುತ್ತಿದ್ದಳು, ಹುಣ್ಣು ಮಾಯಲು ತಡವಾಯಿತು. ಆದರೆ ಕರೆದಾಗಲೆಲ್ಲ ಬಸ್ಸು ಹತ್ತಿ ಬಂದಿದ್ದಳು. ಒಂದು ಸಲವೂ ತಪ್ಪಿಸಲಿಲ್ಲ. ಇವನಿಗೆ ಶೇಂಗಾ ಹೋಳಿಗೆ ತಂದಿದ್ದಳಂತೆ.

ಅಂಕಿ ತಪ್ಪಾಗಿ ಟೈಪ್ ಆಗಿದ್ದರೆ ತಿದ್ದಬಹುದು. ಇಂಥವರನ್ನು ಲೆಕ್ಕದಿಂದ ಬಿಡುತ್ತೇವೆ ಎಂದು ಮೊದಲೇ ಬರೆದಿದ್ದರೆ ಬಿಡಬಹುದು. ಇಲ್ಲಿ ಎರಡೂ ಇರಲಿಲ್ಲ. ಆಯಿಯನ್ನು ಉಳಿಸಿಕೊಂಡೆವು. ವ್ಯತ್ಯಾಸ ಎಷ್ಟು ದಿನದ್ದು, ಅದು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಕಾನ್ಫಿಡೆನ್ಸ್ ಇಂಟರ್ವಲ್ ಹಾಕಿಸಿದೆ. 'ಇಷ್ಟು ಜನರಿಂದ ಖಚಿತವಾಗಿ ಹೇಳಲಾಗದು' ಎಂದು ಬರೆಸಿದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೊರಗಿನ ಎಕ್ಸಾಮಿನರ್ ಥೀಸಿಸ್ ತಿರುವಿ ಹಾಕಿದರಂತೆ. ಪಿ ವ್ಯಾಲ್ಯೂ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಫಾಂಟ್ ಸಣ್ಣದಾಯಿತು ಅಂದರಂತೆ.