ಪಿಕಪ್ ಬಾಡಿ ಒಳಗೆ ನೀರು, ಧೂಳು: ಎಲ್ಲಿಂದ ಬರ್ತವೆ, ಹೆಂಗೆ ತಡೆಯೋದು

ಬಾಡಿ ಕೆಲಸ ಕಲೀತಿರೋರಿಗೆ, ಸ್ವಂತ ಗಾಡಿ ಇಟ್ಕೊಂಡು ಬಾಡಿಗೆ ಹೊಡೀತಿರೋರಿಗೆ ಅಂತ ಬರ್ದಿದ್ದು ಇದು. ಬಾಡಿ ಅಂದ್ರೆ ಇಲ್ಲಿ ಕ್ಯಾಬಿನ್ ಹಿಂದೆ ಲೋಡ್ ಹಾಕೋ ಜಾಗ. ಮೊದ್ಲು ಒಂದು ವಿಷ್ಯ ತಲೇಲಿ ಕೂರ್ಬೇಕು, ನೀರು ಬರೋ ದಾರಿ ಬೇರೆ ಧೂಳು ಬರೋ ದಾರಿ ಬೇರೆ. ನೀರು ಮೇಲಿಂದ ಇಳೀತದೆ, ಧೂಳನ್ನ ಗಾಡಿನೇ ಹಿಂದಿನಿಂದ ಒಳಗೆ ಎಳ್ಕೊಳ್ತದೆ. ಎರಡಕ್ಕೂ ಒಂದೇ ಮದ್ದು ಅಂತ ಕಂಡ ಕಂಡ ಸಂದಿಗೆಲ್ಲ ಸಿಲಿಕಾನ್ ಮೆತ್ತಿದ್ರೆ, ಹೆಂಗೋ ಒಳಗೆ ಬಂದ ನೀರಿಗೆ ಹೊರಗೆ ಹೋಗಕ್ಕೂ ಜಾಗ ಇಲ್ದೆ ಬಾಡಿ ತೊಟ್ಟಿ ಆಗ್ತದೆ ಅಷ್ಟೆ.

ಧೂಳಿನ ಲೆಕ್ಕ ಮೊದ್ಲು ನೋಡಣ. ಗಾಡಿ ಮುಂದೆ ಹೋಗ್ತಿರುವಾಗ ಧೂಳು ಹಿಂದಿನಿಂದ ಯಾಕೆ ಬರ್ಬೇಕು ಅಂತ ಸುಮಾರು ಜನ ಕೇಳ್ತಾರೆ. ಗಾಡಿ ಗಾಳಿನ ಸೀಳ್ಕೊಂಡು ಹೋಗ್ತದಲ್ಲ, ಅದ್ರ ಬೆನ್ನಿಗೆ ಗಾಳಿ ಒತ್ತಡ ಕಮ್ಮಿ ಇರೋ ಒಂದು ಜಾಗ ಆಗ್ತದೆ, ಟೈರು ಎಬ್ಬಿಸಿದ ಕೆಂಪು ಧೂಳೆಲ್ಲ ಅಲ್ಲೇ ಸುಳಿ ಸುತ್ತಿ ಹಿಂದಿನ ಡೋರಿಗೆ ಬಡೀತದೆ. ಮಣ್ಣು ರಸ್ತೇಲಿ ಓಡಾಡೋ ಬಸ್ಸಿನ ಹಿಂದಿನ ಗಾಜು ಯಾವಾಗ್ಲೂ ಧೂಳು ಮೆತ್ಕೊಂಡಿರೋದಕ್ಕೂ ಇದೇ ಕಾರಣ. ಟಾರ್ಪಾಲ್ ಇಲ್ದೆ ಬಾಡಿ ಓಪನ್ ಇದ್ರಂತೂ ಕ್ಯಾಬಿನ್ ಮೇಲಿಂದ ಹಾರಿ ಬಂದ ಗಾಳಿ ಬಾಡಿ ಒಳಗೇ ಒಂದು ಸುತ್ತು ಹೊಡೆದು ಕಸ, ಒಣಗೆಲೆ ಎಲ್ಲ ಕ್ಯಾಬಿನ್ ಬುಡಕ್ಕೆ ತಂದು ಗುಡ್ಡೆ ಹಾಕ್ತದೆ, ನೀವೇ ನೋಡಿರ್ತೀರ.

ಹಾಗಾಗಿ ಧೂಳಿಗೆ ಮುಖ್ಯವಾದ ಕೆಲಸ ಹಿಂದಿನ ಡೋರಿನದ್ದು: ಕೆಳಗೆ ಕೀಲು ಇರೋ ಉದ್ದ ಸಂದಿ, ಎರಡು ಪಕ್ಕದ ಸಂದಿ. ಇಲ್ಲಿಗೆ ಬೀಡಿಂಗ್ ರಬ್ಬರ್, ಅಂದ್ರೆ ಸಂದಿ ಮುಚ್ಚೋ ಉದ್ದ ರಬ್ಬರ್ ಪಟ್ಟಿ ಹಾಕ್ಬೇಕು, ಅದೂ ಇಪಿಡಿಎಂ ಅನ್ನೋ ಸಿಂಥೆಟಿಕ್ ರಬ್ಬರೇ ಆಗ್ಲಿ, ಯಾಕಂದ್ರೆ ಬಿಸ್ಲಿಗೆ ಬೇಗ ಸೀಳಲ್ಲ. ಹಾಸಿಗೆ ಸ್ಪಂಜ್ ಥರದ್ದು ಅಗ್ಗಕ್ಕೆ ಸಿಗ್ತದೆ ನಿಜ, ಆದ್ರೆ ಅದು ನೀರು ಕುಡ್ಕೊಂಡು ದಿನಗಟ್ಲೆ ಒದ್ದೆ ಇರ್ತದೆ, ಅದ್ರ ಹಿಂದಿರೋ ತಗಡು ತುಕ್ಕು ಹಿಡೀತದೆ. ರಬ್ಬರ್ ಸರಿ ಕೂತಿದ್ಯಾ ಅಂತ ನೋಡಕ್ಕೆ ಒಂದು ಕಾಗ್ದದ ಚೂರು ಇಟ್ಟು ಡೋರ್ ಹಾಕಿ ಎಳೀರಿ, ಬಿಗಿಯಾಗಿ ಬಂದ್ರೆ ಸರಿ, ಜಾರ್ಕೊಂಡು ಬಂದ್ರೆ ಅಲ್ಲಿ ರಬ್ಬರ್ ಅಮರಿಲ್ಲ. ಬಾಡಿ ಮೇಲೆ ಪೂರ್ತಿ ಮುಚ್ಚೋ ಹಾಗೆ ಹುಡ್ ಕಟ್ಸಿದ್ರೆ ರಾತ್ರಿ ಒಬ್ರು ಒಳಗೆ ಟಾರ್ಚ್ ಹಿಡ್ಕೊಂಡು ಕೂತು ಇನ್ನೊಬ್ರು ಹೊರಗಿಂದ ಬೆಳಕು ಎಲ್ಲಿ ಸೋರ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ರೆ ಮುಗೀತು, ಇದಕ್ಕಿಂತ ಒಳ್ಳೆ ಟೆಸ್ಟ್ ಬೇರೆ ಬೇಡ.

ಹುಡ್ ಕಟ್ಸಿದವ್ರಿಗೆ ಇನ್ನೊಂದು ಉಪಾಯ ಇದೆ, ಕೇಳಿದ್ರೆ ಉಲ್ಟಾ ಅನ್ಸತ್ತೆ. ಮುಂದೆ, ಮೇಲ್ಗಡೆ, ಗಾಳಿ ಬಡಿಯೋ ಜಾಗದಲ್ಲಿ ಒಂದು ಸಣ್ಣ ಕಿಂಡಿ ಬಿಡೋದು. ಆ ಎತ್ತರದಲ್ಲಿ ಧೂಳು ಕಮ್ಮಿ, ಅಲ್ಲಿಂದ ಗಾಳಿ ಒಳಗೆ ನುಗ್ಗಿ ಒಳಗಿನ ಒತ್ತಡ ಸ್ವಲ್ಪ ಏರ್ತದೆ, ಆಗ ಹಿಂದಿನ ಸಂದೀಲಿ ಗಾಳಿ ಒಳಗೆ ಬರೋ ಬದ್ಲು ಹೊರಗೆ ಹೋಗ್ತದೆ. ಮಳೆಗಾಲಕ್ಕೆ ಮುಚ್ಚೋ ಹಾಗೆ ಬಾಗ್ಲು ಇರ್ಲಿ. ಬೇಸಿಗೇಲಿ ಒಣಗಿದ ರಾಶಿ ಅಡಿಕೆ ಮಂಡಿಗೆ ಸಾಗ್ಸೋರಿಗೆ ಇದು ಬಹಳ ಉಪಯೋಗ, ಧೂಳು ಕೂತ ಅಡಿಕೆಗೆ ಬಣ್ಣ ಮಂಕಾಗ್ತದೆ.

ಇನ್ನು ನೀರು. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಮಳೆ, ಆರಿದ್ರಾ ಮಳೆ ಹಿಡೀತು ಅಂದ್ರೆ ಬಿಡೋ ಮಾತೇ ಇಲ್ಲ. ಲೆಕ್ಕ ಸುಲಭ, ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ರೆ 1 ಲೀಟರ್ ನೀರು. ಎಂಟು ಅಡಿ ಉದ್ದ ಐದೂವರೆ ಅಡಿ ಅಗಲದ ಬಾಡಿ ಅಂದ್ರೆ ಸುಮಾರು 4 ಚದರ ಮೀಟರ್, 50 ಮಿಲಿಮೀಟರ್ ಮಳೆಗೆ 200 ಲೀಟರ್! ಟಾರ್ಪಾಲ್ ಮಧ್ಯ ಜೋತು ಬಿದ್ದಿದ್ರೆ ಇದ್ರಲ್ಲಿ ಎಷ್ಟೋ ಪಾಲು ಅಲ್ಲೇ ನಿಲ್ತದೆ, ಆ ಭಾರಕ್ಕೆ ಹೊಲಿಗೆ, ರಿಂಗು ಎಲ್ಲ ಕಿತ್ಕೊಂಡು ಬರ್ತವೆ. ಅದಕ್ಕೇ ನಡುವೆ ಉದ್ದಕ್ಕೆ ಒಂದು ಪೈಪು ಎತ್ತರಕ್ಕೆ ಕೊಟ್ಟು ಎರಡೂ ಕಡೆ ಇಳಿಜಾರು ಮಾಡ್ಬೇಕು. ಟಾರ್ಪಾಲಿನ ಅಂಚು ಬಾಡಿ ಹಲಗೆಯ ಹೊರಗಡೆ ಇಳಿಬೀಳ್ಬೇಕು, ಒಳಗೆ ತುರುಕಿದ್ರೆ ಟಾರ್ಪಾಲೇ ನೀರನ್ನ ಮೂಟೆ ಮೇಲೆ ಸುರೀತದೆ. ಎರಡು ತುಂಡು ಜೋಡ್ಸೋದಾದ್ರೆ ಹೆಂಚು ಹೊದ್ಸಿದ ಹಾಗೆ ಒಂದ್ರ ಮೇಲೊಂದು, ಮುಂದಿನದ್ದು ಮೇಲೆ, ಹಿಂದಿನದ್ದು ಕೆಳಗೆ. ಉಲ್ಟಾ ಹಾಕಿದ್ರೆ ಗಾಳಿ ಬಾಯಿ ತೆಗ್ಸಿ ನೀರು ತುಂಬ್ತದೆ.

ಇಷ್ಟೆಲ್ಲ ಮಾಡಿದ್ರೂ ನಮ್ಮ ಕಡೆ ಮಳೇಲಿ ಸ್ವಲ್ಪ ನೀರು ಬಂದೇ ಬರ್ತದೆ, ಅದನ್ನ ಹೊರಗೆ ಬಿಡಕ್ಕೆ ತಳದಲ್ಲಿ ತೂತು ಬೇಕು. ಹಿಂದೆ ಮಾತ್ರ ಇದ್ರೆ ಸಾಲ್ದು, ಹುಲಿಕಲ್ ಘಾಟಿ ಇಳಿಯುವಾಗ ನೀರೆಲ್ಲ ಕ್ಯಾಬಿನ್ ಕಡೆ ಬಂದು ನಿಲ್ತದೆ, ಹಾಗಾಗಿ ಮುಂದಿನ ಎರಡು ಮೂಲೇಲೂ ಇರ್ಲಿ. ತೂತು ಟೈರಿನ ನೇರಕ್ಕಿದ್ರೆ ಕೆಸ್ರು ಅದ್ರಲ್ಲೇ ಮೇಲೆ ಚಿಮ್ತದೆ, ಅಲ್ಲಿಗೆ ಗೇಣುದ್ದ ರಬ್ಬರ್ ಪೈಪು ಸಿಕ್ಸಿ ತುದಿನ ಓರೆಯಾಗಿ ಕತ್ರಿಸಿ ಹಿಂದಕ್ಕೆ ತಿರುಗ್ಸಿ. ಟೈರಿನ ಹಿಂದೆ ಕೆಸ್ರು ತಡೆಯಕ್ಕೆ ಜೋತು ಬಿಟ್ಟಿರೋ ಮಡ್ ಫ್ಲ್ಯಾಪ್ ಹರಿದಿದ್ರೆ ಇದ್ಯಾವ್ದೂ ಸರಿಯಾಗಿ ಕೆಲ್ಸ ಮಾಡಲ್ಲ, ಅದನ್ನ ಮೊದ್ಲು ಹಾಕ್ಸಿ. ಮೂಟೆ ಕೆಳಗೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಹಾಸೋ ನಮ್ಮ ಹಳ್ಳಿ ಪದ್ಧತಿ ಬಹಳ ಸರಿ, ಆದ್ರೆ ಉದ್ದಕ್ಕೆ ಹಾಸಿ, ಅಡ್ಡ ಹಾಸಿದ್ರೆ ಪ್ರತಿ ದಬ್ಬೆನೂ ನೀರಿಗೆ ಕಟ್ಟೆ ಆಗ್ತದೆ.

ಸಿಲಿಕಾನ್ ಬಗ್ಗೆನೂ ಹೇಳ್ಬಿಡ್ತೀನಿ. ಹುಳಿ ವಾಸ್ನೆ ಬರೋ ಸಿಲಿಕಾನ್ ಒಣಗುವಾಗ ಆಸಿಡ್ ಬಿಡ್ತದೆ, ಪೇಂಟ್ ಹೋದ ತಗಡಿಗೆ ಹಾಕಿದ್ರೆ ಅದ್ರ ಅಡೀಲೇ ತುಕ್ಕು ಶುರು. ನ್ಯೂಟ್ರಲ್ ಅಂತ ಬರೆದಿರೋದು ಅಥವಾ ಪಿಯು (ಪಾಲಿಯುರೆಥೇನ್) ಸೀಲಂಟ್ ಕೇಳಿ ತಗೊಳ್ಳಿ. ಹಾಕೋ ಮುಂಚೆ ತುಕ್ಕು ಕೆರೆದು ಪ್ರೈಮರ್ ಹೊಡೀರಿ.

ಗೊಬ್ಬರ ಹೊಡೆಯೋ ಗಾಡಿ ಆದ್ರೆ ಇನ್ನೂ ಜಾಸ್ತಿ ಗಮನ ಬೇಕು. ಯೂರಿಯಾ ಗಾಳೀಲಿರೋ ತೇವನೂ ಎಳ್ಕೊಂಡು ಗಟ್ಟಿ ಕಟ್ತದೆ, ಪೊಟ್ಯಾಷ್ ಅಂದ್ರೆ ಒಂದು ಥರ ಉಪ್ಪೇ, ಚೆಲ್ಲಿದ್ದು ಮ್ಯಾಟಿನ ಅಡಿ ಮರಳಿನ ಜೊತೆ ಒದ್ದೆ ಆಗಿ ಕೂತ್ರೆ ತಗಡನ್ನ ತಿಂದು ಹಾಕ್ತದೆ. ಲೋಡ್ ಇಳಿಸಿದ ದಿನವೇ ಮ್ಯಾಟ್ ಎತ್ತಿ ಒಣ ಪೊರಕೇಲಿ ಗುಡ್ಸಿ, ಆಮೇಲೆ ನೀರು ಹೊಡೀರಿ, ತೂತಿಗೆ ಒಂದು ಕಡ್ಡಿ ಆಡ್ಸಿ, ಡೋರ್ ತೆಗ್ದಿಟ್ಟು ಪೂರ್ತಿ ಒಣಗಿದ ಮೇಲೆನೇ ಮ್ಯಾಟ್ ವಾಪಸ್ ಹಾಕಿ.